ಸೊಲ್ಲಾಪುರಕ್ಕೊಂದು ತೊಟ್ಟಿಲು

ಆ ತೊಟ್ಟಿಲಿನ ತೂಕ ಎಷ್ಟೆಂದು ಇವತ್ತಿಗೂ ನನ್ನನ್ನು ಯಾರೂ ಕೇಳಬೇಡಿ. ನಮ್ಮ ಶೆಡ್ಡಿನ ತಕ್ಕಡಿಯಲ್ಲಿ ಅದು ಇಪ್ಪತ್ತಮೂರು ಕೆಜಿ ಇತ್ತು. ರೈಲ್ವೆಯ ತಕ್ಕಡಿಗೆ ಏರಿಸಿದಾಗ ಮೂವತ್ತೊಂದೂವರೆ ಆಯಿತು. ಉದ್ದ, ಅಗಲ, ಎತ್ತರ ಅಳೆದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಅದರ ಎರಡರಷ್ಟನ್ನೂ ದಾಟಿಬಿಟ್ಟಿತು. ಸಾಮಾನು ಕಟ್ಟಿ ಕಳಿಸುವುದೇ ನನ್ನ ಕೆಲಸ. ಆದರೂ ಹಾಗೆ ತಲೆ ಕೆಟ್ಟು ಹೋದದ್ದು ಅದೊಂದೇ ಸಲ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಸಣ್ಣದೊಂದು ಗುಂಪಿಗೆ ನಾನು ರವಾನೆ ನೋಡಿಕೊಳ್ಳುತ್ತೇನೆ. ಬುಗುರಿ, ಗಿಲಕಿ, ಕೀಲುಗೊಂಬೆ, ಬಳೆ, ಎಲ್ಲವೂ ರಟ್ಟಿನ ಪೆಟ್ಟಿಗೆಯೊಳಗೆ ಕೂರುವಂಥವು. ವಿಳಾಸ ಅಂಟಿಸಿದರೆ ಕೊರಿಯರ್ ಹುಡುಗ ಬಂದು ಒಯ್ಯುತ್ತಾನೆ. ರೈಲಿಗೂ ನನಗೂ ಇದ್ದ ಸಂಬಂಧ ಎಂದರೆ ವರ್ಷಕ್ಕೆರಡು ಸಲ ಮೈಸೂರಿಗೆ ಹೋಗಿ ಬರುವುದು, ಅಷ್ಟೇ.

ತೊಟ್ಟಿಲು ಮಾಡಿದ್ದು ನಮ್ಮ ಶೆಡ್ಡಿನ ಹಿರಿಯ ಮೇಸ್ತ್ರಿ. ದೊಡ್ಡಮಳೂರಿನವರು. ಅಲ್ಲಿನ ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ಮಾರುವ ಅಂಗೈಯಗಲದ ಹರಕೆ ತೊಟ್ಟಿಲುಗಳಲ್ಲಿ ಎಷ್ಟೋ ಅವರ ಕೈಯವೇ. ಈ ಸಲ ಮಾಡಿದ್ದು ಮಾತ್ರ ನಿಜವಾದ ತೊಟ್ಟಿಲು. ಬೊಂಬೆಗೆ ಬಳಸುವ ಆಲೆ ಮರದ ನಾಲ್ಕು ಕಾಲಿನ ನಿಲುವು, ನಡುವೆ ತೂಗುವ ಹಾಸಿಗೆ, ಕಂಬಗಳ ತುದಿಗೆ ಅರಗಿನ ಕೆಂಪು ಹಳದಿ ಗುಬ್ಬಿಗಳು. ಒಂದು ಮೊಳೆಯೂ ಇಲ್ಲ, ಎಲ್ಲ ಬೆಣೆಯ ಮೇಲೆ ನಿಂತದ್ದು. ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ಅವರ ಮಗಳಿಗೆ ಹೆಣ್ಣು ಮಗುವಾಗಿತ್ತು. ಶುಕ್ರವಾರ ಸಂಜೆ ನಾಮಕರಣ. ಮೇಸ್ತ್ರಿಯ ಹೆಂಡತಿ ಬಾಣಂತನಕ್ಕೆಂದು ಆಗಲೇ ಅಲ್ಲಿದ್ದರು.

ಇಷ್ಟೇ ಆಗಿದ್ದರೆ ಹದಿನೈದು ದಿನ ಮೊದಲೇ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೂರು ವರ್ಷದ ಹಿಂದೆ ಅದೇ ಮಗಳ ಮೊದಲ ಬಸಿರಿನಲ್ಲಿ ಮೇಸ್ತ್ರಿ ಹಿಗ್ಗು ತಡೆಯಲಾರದೆ ಹೆರಿಗೆಗೆ ಒಂದು ತಿಂಗಳು ಮೊದಲೇ ತೊಟ್ಟಿಲು ಕಳಿಸಿದ್ದರು. ಅದು ನಡುಮನೆಯಲ್ಲಿ ಬರಿದಾಗಿ ನಿಂತಿತ್ತು. ಮಗು ಉಳಿಯಲಿಲ್ಲ. ಯಾರೂ ಅವರನ್ನು ಏನೂ ಅನ್ನಲಿಲ್ಲ. ಅವರೇ ಅಂದುಕೊಂಡರು. ಅವತ್ತಿನಿಂದ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಮುಂಚೆನೂ ಹೋಗ್‌ಕೂಡ್ದು, ತಡಾನೂ ಆಗ್‌ಕೂಡ್ದು ಕಣವ್ವ. ಶುಕ್ರವಾರ ಬೆಳಿಗ್ಗೆ ಅಲ್ಲಿ ಇಳೀಬೇಕು. ಬಂದ ದಿನವೇ ಮಗ ಮಲಗ್ಬೇಕು," ಎಂದರು. ಅವರ ಮಾತಲ್ಲಿ ಮಗ ಎಂದರೆ ಮಗು.

"ನೀವೂ ಹೋಗ್ತೀರಲ್ಲ ಅಣ್ಣ?" ಎಂದು ಕೇಳಿದೆ.

"ನನ್ ಮೊಕ ಅಲ್ಲಿ ಬ್ಯಾಡ. ತೊಟ್ಲು ಹೋದ್ರೆ ಸಾಕು."

ಕೊರಿಯರ್‌ನವರು ಬಂದು ನೋಡಿ, ಪೆಟ್ಟಿಗೆಯಲ್ಲಿ ಕೂರದ್ದನ್ನು ಒಯ್ಯುವುದಿಲ್ಲ ಎಂದರು. ಬಸ್ಸಿನ ಡಿಕ್ಕಿಯ ಬಾಯಿಗೆ ಹಿಡಿಸಲಿಲ್ಲ. ಬಿಚ್ಚಿ ಕಟ್ಟೋಣ ಎಂದರೆ ಬೆಣೆ ಒಮ್ಮೆ ಎಳೆದರೆ ಮತ್ತೆ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲವೆಂದು ಮೇಸ್ತ್ರಿ ಒಪ್ಪಲಿಲ್ಲ. ಉಳಿದದ್ದು ರೈಲು.

ಮಂಗಳವಾರ ನಮ್ಮೂರಿನ ನಿಲ್ದಾಣಕ್ಕೆ ಹೋದೆ. ಗಾಡಿ ಇಲ್ಲಿ ನಿಲ್ಲುವುದು ಎರಡು ನಿಮಿಷ, ಅಷ್ಟರಲ್ಲಿ ಸಾಮಾನು ಏರಿಸಲಾಗದು, ಆದ್ದರಿಂದ ಇಲ್ಲಿ ಬುಕ್ ಮಾಡುವುದಿಲ್ಲ ಎಂದರು. ಬೆಂಗಳೂರಿಗೇ ಒಯ್ಯಬೇಕಂತೆ. ಕಿಟಕಿಯಲ್ಲಿದ್ದವರು ಒಳ್ಳೆಯ ಮನುಷ್ಯರು, ಕೂರಿಸಿಕೊಂಡು ನಿಯಮ ಹೇಳಿದರು. ನಾನು ಬರೆದುಕೊಂಡೆ. ಗೋಣಿ ಹೊಲಿದಿರಬೇಕು, ಒಳಗೆ ಹುಲ್ಲು ತುಂಬಿರಬೇಕು. ಪ್ರತಿ ನಗದ ಮೇಲೂ ಕಳಿಸುವವರು ಯಾರು, ಪಡೆಯುವವರು ಯಾರು, ಎಲ್ಲಿಂದ ಎಲ್ಲಿಗೆ ಎಂದು ಬಣ್ಣದಲ್ಲಿ ಬರೆದಿರಬೇಕು. ನಗ ಎಂದರೆ ಬಿಡಿಬಿಡಿಯಾಗಿ ಎಣಿಸುವ ಒಂದೊಂದು ಸಾಮಾನು. ಒಳಗೇನಿದೆ, ಅದರ ಬೆಲೆಯೆಷ್ಟು, ಒಡೆದರೆ ಹೊಣೆ ಯಾರದು ಎಂದು ಒಂದು ಫಾರಂ ತುಂಬಬೇಕು. ಬೆಲೆ ಹೇಳಿ ಅದರ ಮೇಲೆ ಒಂದಿಷ್ಟು ಹೆಚ್ಚಿಗೆ ಕಟ್ಟಿದರೆ ಹೊಣೆ ಅವರದು, ಕಟ್ಟದಿದ್ದರೆ ನಮ್ಮದು. ಇಷ್ಟು ಅರ್ಥವಾಯಿತು.

ಅರ್ಥವಾಗದ್ದು ತೂಕ. "ತೂಕಕ್ಕೆ ಚಾರ್ಜು, ಆದ್ರೆ ಸಾಮಾನು ಜಾಸ್ತಿ ಜಾಗ ತಗೊಂಡ್ರೆ ಅಳತೆಗೆ ಚಾರ್ಜು," ಎಂದರು.

"ಇಪ್ಪತ್ತೇ ಕೆಜಿ ಅಂತ ತಕ್ಕಡಿ ಹೇಳ್ತದಲ್ಲ ಸಾರ್?"

"ತಕ್ಕಡಿ ಹೇಳ್ಲಿ ಮೇಡಂ. ತೊಟ್ಟಿಲ ಒಳಗಿರೋ ಗಾಳಿಗೂ ಜಾಗ ಬೇಕಲ್ಲ. ಉದ್ದ, ಅಗಲ, ಎತ್ತರ ಗುಣಿಸಿ ಭಾಗಿಸ್ತೀವಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ. ಒಂದು ಮೀಟರ್ ದಾಟಿದ್ರೆ ಇನ್ನೊಂದು ಲೆಕ್ಕ."

ಶೆಡ್ಡಿಗೆ ಬಂದು ಟೇಪು ಹಿಡಿದೆ. ಎತ್ತರ ಒಂದು ಮೀಟರಿನ ಮೇಲೆ ನಾಲ್ಕು ಬೆರಳು. ಮತ್ತೆ ಹಿಡಿದೆ, ಐದು ಬೆರಳು. ಮೂರನೆಯ ಸಲ ಮೇಸ್ತ್ರಿಯೇ ಟೇಪು ಕಿತ್ತುಕೊಂಡು, "ಗುಬ್ಬಿ ಸೇರಿಸಿ ಅಳೀತಿದ್ದೀಯ," ಎಂದು ಕಂಬದ ತುದಿಯ ನಾಲ್ಕು ಅರಗಿನ ಗುಬ್ಬಿಗಳನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡರು. ಎತ್ತರ ಮೀಟರಿನ ಒಳಗೆ ಬಂತು. ರೈಲ್ವೆಯ ನಿಯಮವನ್ನು ಗೆದ್ದೆವೆಂದು ನನಗೆ ಎಷ್ಟು ಖುಷಿಯಾಯಿತೆಂದರೆ ಇಬ್ಬರಿಗೂ ಕಾಫಿ ತರಿಸಿದೆ.

ಬುಧವಾರ ಸಂಜೆ ಹುಲ್ಲು ತುಂಬಿ, ಗೋಣಿ ಸುತ್ತಿ, ಒಂದು ಮಗ್ಗುಲಿಗೆ ಮಾತ್ರ ಕಚ್ಚಾ ಹೊಲಿಗೆ ಹಾಕಿ ತೂಗಿದೆವು. ಗೋಣಿ, ಹುಲ್ಲು ಸೇರಿ ಇಪ್ಪತ್ತಮೂರು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಫಾರಂನಲ್ಲಿ ಮರದ ತೊಟ್ಟಿಲು ಅಂತ ಬರೀತೀವಿ. ಒಳಗೆ ಬೇರೆ ಏನೂ ಇರಕೂಡದು. ತಪ್ಪು ಹೇಳಿಕೆ ಕೊಟ್ರೆ ದಂಡ ಹಾಕ್ತಾರೆ." ಮೇಸ್ತ್ರಿ ತಲೆಯಾಡಿಸಿದರು. ಈಗ ನೆನೆದರೆ, ಅವರು ತಲೆಯಾಡಿಸಿದ್ದು ಒಪ್ಪಿಗೆಗಲ್ಲ.

ಗುರುವಾರ ಬೆಳಿಗ್ಗೆ ಆ ಮಗ್ಗುಲನ್ನು ಬಿಗಿಯಾಗಿ ಹೊಲಿದವಳು ನಾನೇ. ಟೆಂಪೊ ಬಂತು. ಡ್ರೈವರು ಗುಡೇಮಾರನಹಳ್ಳಿಯವನು, ಮನೆಯಲ್ಲಿ ಕುರಿ ಸಾಕುತ್ತಾರೆ, ಕುರಿ ಹೊಡೆದುಕೊಂಡು ಅಭ್ಯಾಸವಿರುವುದರಿಂದಲೋ ಏನೋ ಟೆಂಪೊವನ್ನೂ ಬಾಯಲ್ಲಿ ಗದರುತ್ತಲೇ ಓಡಿಸುತ್ತಾನೆ. ಎತ್ತುವಾಗ, "ಏನಕ್ಕ ಇದು, ಇಷ್ಟು ತೂಕ ಐತೆ?" ಎಂದ.

"ಇಪ್ಪತ್ತಮೂರು ಕೆಜಿ. ಬೆಳಿಗ್ಗೆ ತಿಂಡಿ ತಿಂದಿಲ್ವೇನೋ?" ಎಂದು ಗದರಿದೆ. ನಾವು ಮೂವರೂ ಹೊರಟೆವು. ಬಿಡದಿಯಲ್ಲಿ ಟೈರಿಗೆ ಗಾಳಿ ಹಾಕಿಸಲು ಒಮ್ಮೆ ನಿಲ್ಲಿಸಿದ್ದು ಬಿಟ್ಟರೆ ಸೀದಾ ಬೆಂಗಳೂರು.

ಪಾರ್ಸೆಲ್ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂವಿನ ಬುಟ್ಟಿ, ಬೈಕು, ಮೀನಿನ ಡಬ್ಬ. ಹಮಾಲಿ ನಮ್ಮ ಗೋಣಿಯನ್ನು ತಕ್ಕಡಿಗೆ ಏರಿಸಿದ. ಮೂವತ್ತೊಂದೂವರೆ. ಗುಮಾಸ್ತರು ನನ್ನ ಫಾರಂ ನೋಡಿದರು, ತಕ್ಕಡಿ ನೋಡಿದರು, ನನ್ನನ್ನು ನೋಡಿದರು. ಐವತ್ತರ ಆಸುಪಾಸಿನ, ಕನ್ನಡಕವನ್ನು ಹಣೆಗೆ ಏರಿಸಿಕೊಂಡ ಮನುಷ್ಯ.

"ಇಪ್ಪತ್ತಮೂರು ಅಂತ ಬರ್ದಿದ್ದೀರಿ."

"ನಿಮ್ಮ ತಕ್ಕಡಿ ಸರಿಯಿಲ್ಲ ಸಾರ್," ಎಂದೆ. ನನ್ನ ಬಾಯಿ ಹಾಗೆ, ಮೊದಲು ಓಡಿಬಿಡುತ್ತದೆ. ಅವರು ಹಮಾಲಿಯಿಂದ ಐವತ್ತು ಕೆಜಿಯ ತೂಕದ ಗುಂಡು ತರಿಸಿ ತಕ್ಕಡಿಯ ಮೇಲಿಡಿಸಿದರು. ಸರಿಯಾಗಿ ಐವತ್ತು ತೋರಿಸಿತು. ಎಂಟೂವರೆ ಕೆಜಿ ಎಲ್ಲಿಂದ ಬಂತು ಎಂದು ನನಗೆ ತಿಳಿಯಲಿಲ್ಲ. ಹುಲ್ಲು ಇಬ್ಬನಿ ಕುಡಿಯಿತೇ? ನಾನೇ ನಿನ್ನೆ ತಪ್ಪು ಓದಿದೆನೇ? ಒಂದು ವಸ್ತುವಿನ ನೆನಪು ಮನಸ್ಸಿನ ಮೂಲೆಯಲ್ಲಿ ಮಿಸುಕಾಡಿತು. ಆದರೆ ಅದರ ತೂಕ ಎರಡೇ ಕೆಜಿ ಇತ್ತು, ಎಂಟೂವರೆ ಅಲ್ಲ. ಹಾಗಾಗಿ ಸುಮ್ಮನಿದ್ದೆ.

"ಒಳಗೆ ಬೇರೇನೂ ಇಲ್ಲ ತಾನೆ?" ಗುಮಾಸ್ತರು ಕೇಳಿದರು.

"ಇಲ್ಲ ಸಾರ್. ತೊಟ್ಟಿಲು ಖಾಲಿ."

ನನ್ನ ಹಿಂದೆ ನಿಂತಿದ್ದ ಮೇಸ್ತ್ರಿ, "ಬುಡ್ತು ಅನ್ನವ್ವಾ!" ಎಂದು ಕೂಗಿದರು. ಇಡೀ ಆಫೀಸು ತಿರುಗಿ ನೋಡಿತು. "ಹಂಗನ್ಬ್ಯಾಡ. ಖಾಲಿ ಇಲ್ಲ ಸಾಮಿ. ಖಾಲಿ ಕಳಿಸಾಕಿಲ್ಲ ನಾನು."

ಗುಮಾಸ್ತರು ಕನ್ನಡಕ ಕೆಳಗಿಳಿಸಿದರು. "ಬಿಚ್ಚಿ," ಎಂದರು.

ನಾನು ಬೆಳಿಗ್ಗೆ ಅಷ್ಟು ಬಿಗಿಯಾಗಿ ಹಾಕಿದ್ದ ಹೊಲಿಗೆಯನ್ನು ಹಮಾಲಿ ಕೊಯ್ದ. ಹುಲ್ಲು ಸರಿಸಿದ. ಮೊದಲು ಸಿಕ್ಕಿದ್ದು ಎರಡು ತೆಂಗಿನಕಾಯಿ. ಡ್ರೈವರು ನೆಲ ನೋಡಿದ. "ಬಿಡದಿ ತಾವ ಮೂಲೆ ಹೊಲಿಗೆ ಒಸಿ ಸಡ್ಲ ಮಾಡಿ ತಳ್ದೆ ಕಣಕ್ಕ. ಬರೀ ತೊಟ್ಲ ನಮ್ಮೂರ ಸೀಮೆ ದಾಟಿಸ್ಬಾರ್ದು ಅಂತ ನಮ್ಮವ್ವ ಹೇಳಿ ಕಳಿಸಿದ್ಲು." ಆಮೇಲೆ ಬಟ್ಟೆಯಲ್ಲಿ ಕಟ್ಟಿದ ರಾಗಿ, ಎರಡು ಕೆಜಿ. ಅದನ್ನು ನೋಡಿ ಮೇಸ್ತ್ರಿಗೂ ಆಶ್ಚರ್ಯವಾಯಿತು, ಡ್ರೈವರಿಗೂ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಅದು ನನ್ನದು. ಹೊಲಿಗೆ ಹಾಕುವ ಮೊದಲು ನಾನೇ ಇಟ್ಟಿದ್ದೆ. ನನ್ನ ತವರು ತಿಪ್ಪಸಂದ್ರದಲ್ಲಿ ಬರಿಯ ತೊಟ್ಟಿಲನ್ನು ಯಾರೂ ತೂಗುವುದಿಲ್ಲ, ಎತ್ತುವುದೂ ಇಲ್ಲ, ಒಂದು ಹಿಡಿ ಧಾನ್ಯವಾದರೂ ಇಡುತ್ತಾರೆ. ನನ್ನ ಕೈ ನನ್ನನ್ನು ಕೇಳದೆ ಆ ಕೆಲಸ ಮಾಡಿತ್ತು. ಎಲ್ಲರಿಗೂ ನಿಯಮ ಹೇಳಿದವಳು ನಾನು!

ಕೊನೆಗೆ, ಎಲ್ಲಕ್ಕಿಂತ ಕೆಳಗೆ, ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ಮಲಗಿಸಿದ್ದ ಗುಂಡುಕಲ್ಲು. ನಾಮಕರಣದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಕಲ್ಲು. ಮೇಸ್ತ್ರಿಯ ಮನೆಯ ಒರಳಿನದು, ಬುಧವಾರ ರಾತ್ರಿ ಅವರೇ ಇಟ್ಟದ್ದು. ಅವರ ಮಗಳ ನಾಮಕರಣದಲ್ಲೂ ಅದನ್ನೇ ಮಲಗಿಸಿದ್ದರಂತೆ. ತಕ್ಕಡಿಗೆ ಇಟ್ಟರೆ ಐದೂವರೆ ಕೆಜಿ.

ಗುಮಾಸ್ತರು ಕಾಯಿ, ರಾಗಿ, ಕಲ್ಲು ಮೂರನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕೇಳಿದರು, "ಮೂರು ಜನ ಒಬ್ಬರಿಗೊಬ್ಬರು ಹೇಳದೆ ಮಾಡಿದ್ದಾ ಇದು?"

ಡ್ರೈವರು ಬಗ್ಗಿ ಚೆಲ್ಲಿದ ಹುಲ್ಲು ಗುಡ್ಡೆ ಮಾಡತೊಡಗಿದ.

"ಕಾಯಿ, ರಾಗಿ ಫಾರಂನಲ್ಲಿಲ್ಲ, ಎರಡೂ ಕೈಯಲ್ಲಿಟ್ಕೊಳ್ಳಿ. ಕಲ್ಲೂ ಒಳಗೆ ಬಿಡೋ ಹಾಗಿಲ್ಲ. ಗಾಡಿ ಅಲ್ಲಾಡಿದಾಗ ಉರುಳಿ ತೊಟ್ಟಿಲೇ ಮುರಿಯುತ್ತೆ. ಬೇರೆ ನಗ ಮಾಡಿ. ತೊಟ್ಟಿಲು ಒಂದು, ಕಲ್ಲು ಒಂದು." ಅವರು ಹೇಳಿ ಮುಗಿಸುವುದರೊಳಗೆ ಹಮಾಲಿ ಕಪ್ಪು ಬಣ್ಣದ ಡಬ್ಬ, ಕುಂಚ ತಂದು ಕೂತುಬಿಟ್ಟ. ಗೋಣಿಯ ಮೇಲೆ ಬರೆದ. ಅದೇ ಭರದಲ್ಲಿ ಸೀರೆ ತುಂಡು ಸರಿಸಿ ಕಲ್ಲಿನ ಮೇಲೂ ಬರೆದ. ಚನ್ನಪಟ್ಟಣದಿಂದ ಸೊಲ್ಲಾಪುರಕ್ಕೆ, ಮೇಸ್ತ್ರಿಯ ಹೆಸರು, ಮಗಳ ಹೆಸರು. ಅಯ್ಯೋ ಎನ್ನುವುದರೊಳಗೆ ಮುಗಿದಿತ್ತು.

ಬಣ್ಣ ಹೋಗಲಿ ಎಂದುಕೊಂಡೆ. ಈಗ ಬೇರೆ ಗಂಟು. ಕಲ್ಲು ಹೊರಗೆ ಬಂದರೆ ತೊಟ್ಟಿಲು ಬರಿದಾಗುತ್ತದೆ. ಕಲ್ಲು ಒಳಗಿದ್ದರೆ ರೈಲ್ವೆ ತಗೊಳ್ಳುವುದಿಲ್ಲ. ಮೇಸ್ತ್ರಿ ಗೋಣಿಯ ಮೇಲೆ ಕೈಯಿಟ್ಟು, "ಹಂಗಾರೆ ವಾಪಸ್ ತಗೊಂಡೋಗಾನ," ಎಂದರು.

ನಾನು ಗುಮಾಸ್ತರನ್ನು ಅಂಗಲಾಚಿದೆ. ಅವರು ಫಾರಂ ತಿರುಗಿಸಿ ನೋಡಿ, "ಪ್ಯಾಕಿಂಗ್‌ಗೆ ಅಂತ ಮೆತ್ತನೆಯದು ಏನಾದ್ರೂ ತುಂಬಿ. ಬಟ್ಟೆ ತುಂಬಿದ್ರೆ ನಾನು ಬೇಡ ಅನ್ನಲ್ಲ. ಇನ್ನೂ ಒಳ್ಳೆಯದೇ," ಎಂದರು. ಮೇಸ್ತ್ರಿ ಹೆಗಲ ಮೇಲಿನ ಟವೆಲ್ ತೆಗೆದರು. ಕೆಲಸ ಮಾಡುವಾಗ ಹಾಕಿಕೊಳ್ಳುವ ಟವೆಲ್, ಎಷ್ಟು ಒಗೆದರೂ ಅರಗಿನ ಕೆಂಪು ಹಳದಿ ಕಲೆ ಹೋಗದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲ ಹಾಸಿಗೆಯ ಮೇಲೆ ಹಾಸಿದರು. ಗುಮಾಸ್ತರು ಪ್ಯಾಕಿಂಗ್ ಕಾಲಮ್ಮಿನಲ್ಲಿ "ಹುಲ್ಲು, ಗೋಣಿ, ಹಳೇ ಟವೆಲ್ ಒಂದು" ಎಂದು ಬರೆದರು. ಮುಖ ಗಂಭೀರವಾಗಿಯೇ ಇತ್ತು. ನಾನು ಮತ್ತೆ ಹೊಲಿಗೆ ಹಾಕಿದೆ.

ಇನ್ನೇನು ರಸೀದಿ ಹರಿಯಬೇಕು, ನಾನು ಸುಮ್ಮನೆ ಕೇಳಿದೆ, "ನಾಳೆ ಬೆಳಿಗ್ಗೆ ಸೊಲ್ಲಾಪುರದಲ್ಲಿ ಇರ್ತದಲ್ಲ ಸಾರ್?"

"ಹಾಗಂತ ನಾನು ಹೇಳಕ್ಕಾಗಲ್ಲ. ಪಾರ್ಸೆಲ್ ಅಂದ್ರೆ ಯಾವ ಗಾಡೀಲಿ ಜಾಗ ಸಿಗುತ್ತೋ ಆ ಗಾಡಿಗೆ. ಇವತ್ತು ಸಂಜೆ ಗಾಡಿಗೆ ಈಗಾಗ್ಲೇ ಹೂವು ಕಾಯ್ತಾ ಇದೆ ನೋಡಿ. ನಾಳೆ ಹೋಗಬಹುದು, ನಾಡಿದ್ದೂ ಆಗಬಹುದು."

ಎರಡು ದಿನದಿಂದ ಉದ್ದ ಅಗಲ, ಹೊಲಿಗೆ, ಹುಲ್ಲು, ಹೊಣೆ ಎಂದು ಒದ್ದಾಡಿದ್ದೆಲ್ಲ ಯಾತಕ್ಕೆ? ಈ ಒಂದು ಪ್ರಶ್ನೆಯನ್ನು ಮಂಗಳವಾರವೇ ಯಾಕೆ ಕೇಳಲಿಲ್ಲ? ನನ್ನ ಮೇಲೆ ನನಗೇ ಸಿಟ್ಟು ಬಂತು. ಮೇಸ್ತ್ರಿಯ ಕಡೆ ನೋಡುವ ಧೈರ್ಯ ಆಗಲಿಲ್ಲ.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಲಗೇಜ್ ಆಗಿದ್ರೆ ಬೇರೆ ಮಾತು. ಅದೇ ಗಾಡೀಲಿ ಹೋಗ್ತಿತ್ತು."

"ಲಗೇಜ್‌ಗೂ ಪಾರ್ಸೆಲ್‌ಗೂ ಏನು ವ್ಯತ್ಯಾಸ ಸಾರ್? ತೊಟ್ಟಿಲು ಅದೇ, ಗಾಡಿಯ ಡಬ್ಬಿ ಅದೇ."

"ಜೊತೆಗೆ ಮನುಷ್ಯ ಇದ್ದಾನಾ ಇಲ್ವಾ, ಅದೇ ವ್ಯತ್ಯಾಸ. ಟಿಕೆಟ್ ತಗೊಂಡು ಒಬ್ರು ಹತ್ತಿದ್ರೆ ಇದು ಅವರ ಲಗೇಜ್. ಯಾರೂ ಇಲ್ಲದಿದ್ರೆ ಪಾರ್ಸೆಲ್."

ಈ ಎರಡು ದಿನದಲ್ಲಿ ಮೊದಲ ಸಲಕ್ಕೆ ಒಂದು ನಿಯಮ ನನಗೆ ಪೂರ್ತಿ ಅರ್ಥವಾಯಿತು. ನಾನೇ ಹೋಗಿಬರುತ್ತೇನೆಂದು ಪರ್ಸು ಹಿಡಿದು ಟಿಕೆಟ್ ಕಿಟಕಿಗೆ ಓಡಿದೆ. ಸಾಲಿನಲ್ಲಿ ನಿಂತೆ. ಮನೆಗೆ ಫೋನ್ ಮಾಡಿ ಅನ್ನಕ್ಕಿಡಲು ಹೇಳಬೇಕು, ಉಟ್ಟ ಸೀರೆಯಲ್ಲೇ ಹೋಗುವುದು ಎಂದೆಲ್ಲ ಯೋಚಿಸುತ್ತಿದ್ದೆ. ನನ್ನ ಸರದಿ ಬಂತು. ಸೊಲ್ಲಾಪುರ, ಒಂದು, ಜನರಲ್ ಎಂದೆ. ಟಿಕೆಟ್ ಕೈಗೆ ಬಂದಾಗ ಆ ಮನೆಯ ಬಾಗಿಲಲ್ಲಿ ತೊಟ್ಟಿಲ ಪಕ್ಕ ನಾನು ನಿಂತಿರುವುದು ಕಣ್ಣ ಮುಂದೆ ಬಂತು. ಆ ಮಗಳು ನನ್ನ ಹಿಂದೆ ಇನ್ನೊಬ್ಬರನ್ನು ಹುಡುಕುವುದೂ ಬಂತು.

ವಾಪಸ್ ಬಂದು ಟಿಕೆಟನ್ನು ಮೇಸ್ತ್ರಿಯ ಕೈಯಲ್ಲಿಟ್ಟೆ.

"ನಾನಾ? ಬ್ಯಾಡ ಕಣವ್ವ. ಹೋದ್ಸಲ ನನ್ ಕೈ ತೊಟ್ಲು ಹೋಗಿ ಏನಾಯ್ತು ನಿಂಗೆ ಗೊತ್ತಲ್ಲ. ನೀನು ಹೋಗು."

"ಅಣ್ಣ, ಹೋದ ಸಲ ತೊಟ್ಟಿಲು ಒಂದೇ ಹೋಯ್ತು. ಆಮೇಲೆ ಅವಳು ಅಷ್ಟು ನೊಂದಾಗಲೂ ನೀವು ಹೋಗಲಿಲ್ಲ. ಅವಳಿಗೆ ತೊಟ್ಟಿಲಿನ ಮೇಲೆ ಸಿಟ್ಟಿದೆ ಅಂದ್ಕೊಂಡಿದ್ದೀರ? ನಂಗಂತೂ ಇದ್ದಿದ್ರೆ ಅಪ್ಪನ ಮೇಲೆ ಇರ್ತಿತ್ತು."

ಅಷ್ಟು ಒರಟಾಗಿ ಅನ್ನಬಾರದಿತ್ತು. ಆದರೆ ಅಂದೆ. ಡ್ರೈವರು ಅತ್ತ ತಿರುಗಿಕೊಂಡ. ಮೇಸ್ತ್ರಿ ಟಿಕೆಟನ್ನೇ ನೋಡುತ್ತ ನಿಂತರು. ಆಮೇಲೆ ಗುಮಾಸ್ತರ ಕಡೆ ತಿರುಗಿ, "ಸಾಮಿ, ತೊಟ್ಲ ಜೊತೇಲೇ ಕೂರಬೋದಾ?" ಎಂದು ಕೇಳಿದರು.

"ಸಾಮಾನಿನ ಡಬ್ಬೀಲಿ ಜನ ಕೂರಂಗಿಲ್ಲ ಯಜಮಾನ್ರೇ. ಕಲ್ಲು ಬೇಕಾದ್ರೆ ಕೈಯಲ್ಲಿ ಇಟ್ಕೊಳ್ಳಿ. ಅದಕ್ಕೆ ಚಾರ್ಜಿಲ್ಲ."

ಪಾರ್ಸೆಲ್ ಫಾರಂ ಹರಿದು ಹಾಕಿ, ಗೋಣಿಯ ಉದ್ದ ಅಗಲ ಎತ್ತರ ಅಳೆದು ಲೆಕ್ಕ ಹಾಕಿ ಲಗೇಜ್ ಟಿಕೆಟ್ ಬರೆದರು. ನಾನು ಗುಬ್ಬಿಯ ಕಥೆ ಹೇಳಿದಾಗ, ತೆಗೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಚಾರ್ಜು ಇನ್ನೂ ಹೆಚ್ಚಾಗುತ್ತಿತ್ತೆಂದು ಗುಮಾಸ್ತರು ಹೇಳಿದರು. ಹಮಾಲಿ ಗೋಣಿಯನ್ನು ಹಿಂದಿನ ಡಬ್ಬಿಗೆ ಏರಿಸುವುದನ್ನು ಮೂವರೂ ನಿಂತು ನೋಡಿದೆವು. ಮೇಸ್ತ್ರಿ ಜನರಲ್ ಬೋಗಿಯ ಕಿಟಕಿಯ ಪಕ್ಕ ಕೂತರು. ಬದಲು ಬಟ್ಟೆಯಿಲ್ಲ, ಹೆಗಲ ಮೇಲೆ ಟವೆಲ್ಲೂ ಇಲ್ಲ. ಜೇಬಿನಲ್ಲಿ ನಾಲ್ಕು ಅರಗಿನ ಗುಬ್ಬಿ, ಕಾಲ ಬಳಿ ನನ್ನ ರಾಗಿ, ಡ್ರೈವರನ ತೆಂಗಿನಕಾಯಿ, ತೊಡೆಯ ಮೇಲೆ ಕಲ್ಲು. ಪಕ್ಕದಲ್ಲಿ ಕೂತವನು ಕಲ್ಲಿನ ಮೇಲಿನ ವಿಳಾಸ ಓದುತ್ತಿದ್ದ.

"ಒಸಿ ನೀರು ಕುಡೀರಿ ಅಣ್ಣ," ಎಂದೆ. ಗಾಡಿ ಹೊರಟಿತು.

ಶುಕ್ರವಾರ ಇಡೀ ದಿನ ಫೋನ್ ಬರಲಿಲ್ಲ. ನಾನು ಮಾಡಲೂ ಇಲ್ಲ, ಹೆದರಿಕೆ. ಮೂರು ಬುಗುರಿ ಪೆಟ್ಟಿಗೆಗೆ ತಪ್ಪು ವಿಳಾಸ ಅಂಟಿಸಿದೆ. ಸಂಜೆ ಮೇಸ್ತ್ರಿಯ ಹೆಂಡತಿ ವಿಡಿಯೊ ಕರೆ ಮಾಡಿದರು. ಹೆಂಗಸರ ಗದ್ದಲ, ಯಾರದೋ ಬೆನ್ನು, ಆಮೇಲೆ ತೊಟ್ಟಿಲು. ಕಂಬದ ತುದಿಗೆ ನಾಲ್ಕೂ ಗುಬ್ಬಿ ಬಂದು ಕೂತಿದ್ದವು. ಗುಂಡುಕಲ್ಲಿಗೆ ಅರಿಸಿನ ಕುಂಕುಮ ಇಟ್ಟು ತೊಟ್ಟಿಲಲ್ಲಿ ಮಲಗಿಸಿದ್ದರು. ಅರಿಸಿನದ ಕೆಳಗೆ ಕಪ್ಪು ಬಣ್ಣ ಹಾಗೇ ಇತ್ತು.

"ಉಜ್ಜಿದ್ರೂ ಹೋಗ್ನಿಲ್ಲ ಕಣವ್ವ," ಎಂದರು ಅವರು. "ಆಮ್ಯಾಕೆ ಇವ್ಳೇ ಬ್ಯಾಡ ಅಂದ್ಲು. ನಮ್ಮಪ್ಪ ನನ್ ಹೆಸ್ರು ಬರ್ಸ್ಕೊಂಡು ಬಂದವ್ರೆ, ಇರ್ಲಿ ಬುಡು ಅಂತ."

ಕಲ್ಲನ್ನು ತೆಗೆದರು. ಮಗುವನ್ನು ಮಲಗಿಸಿದರು. ಕೆಳಗೆ ಹೊಸ ಹಾಸಿಗೆ ಇರಲಿಲ್ಲ, ಆ ಕಲೆಯಾದ ಟವೆಲ್ಲೇ ಇತ್ತು. ಮಗಳೇ ಹಾಗೆ ಹಟ ಮಾಡಿದಳಂತೆ. ಮೇಸ್ತ್ರಿ ಎಲ್ಲಿ ಎಂದು ಕೇಳಿದೆ. ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಫೋನು ಒಂದಿಷ್ಟು ಕೆಳಗೆ ವಾಲಿತು. ತೊಟ್ಟಿಲ ಹಗ್ಗ ಹಿಡಿದು ಮೆಲ್ಲಗೆ ಎಳೆಯುತ್ತಿದ್ದ ಒಂದು ಕೈ ಕಂಡಿತು. ಉಗುರಿನ ಸಂದಿಯಲ್ಲಿ ಕೆಂಪು ಅರಗು ಇತ್ತು.